ಘಟ್ಟದ ತಿರುವೂ ನನ್ನ ಹೊಟ್ಟೆಯೂ

ನಿಮಗೆ ಬಸ್ಸು ಆಗುತ್ತದೆಯೇ? ಆಗುತ್ತದೆ ಎನ್ನುವವರು ಪುಣ್ಯವಂತರು. ಅಂಥವರಿಗೆ ನಾನು ಹೇಳಹೊರಟಿರುವುದು ಅರ್ಧವಷ್ಟೇ ಅರ್ಥವಾದೀತು. ಉಳಿದರ್ಧವನ್ನು ನನ್ನ ಮೇಲಿನ ಕನಿಕರದಿಂದ ಓದಿಕೊಂಡರೆ ಸಾಕು. ಆಗುವುದಿಲ್ಲ ಎನ್ನುವವರಿಗೆ ನಾನೇನೂ ವಿವರಿಸಬೇಕಾಗಿಲ್ಲ. ಘಟ್ಟ ಎಂಬ ಮಾತು ಕೇಳಿದರೇ ಅವರ ಬಾಯಲ್ಲಿ ನೀರೂರಿರುತ್ತದೆ, ಅದೂ ಒಳ್ಳೆಯ ಕಾರಣಕ್ಕಲ್ಲ.

ಮೊನ್ನೆ ಪಕ್ಕದ ಮನೆಯವರು ಕಾರು ಮಾಡಿಕೊಂಡು ಹೊರನಾಡಿಗೆ ಹೊರಟಿದ್ದರು. ಎಲ್ಲರೂ ಹತ್ತಿ ಕೂತರೂ ಹೊಸ ಸೊಸೆ ಮಾತ್ರ ಮುಷ್ಟಿಯಲ್ಲಿ ಒಂದು ನಿಂಬೆಹಣ್ಣು ಹಿಡಿದುಕೊಂಡು ಬಾಗಿಲ ಬಳಿಯೇ ನಿಂತಿದ್ದಳು. ಆ ಮುಖ ನನಗೆ ಚೆನ್ನಾಗಿ ಗೊತ್ತು. ಎಷ್ಟೋ ವರ್ಷ ಅದು ನನ್ನದೇ ಮುಖವಾಗಿತ್ತು. ಗೇಟಿನಿಂದಲೇ ಕೂಗಿ ಹೇಳಿದೆ, “ಆ ನಿಂಬೆಹಣ್ಣು ಒಳಗಿಟ್ಟು ಡ್ರೈವಿಂಗ್ ಕಲಿ ಮಾರಾಯ್ತಿ!” ಕಾರಿನಲ್ಲಿದ್ದವರೆಲ್ಲ ನಕ್ಕರು. ಅವಳೂ ನಕ್ಕಳು. ನಾನು ತಮಾಷೆ ಮಾಡಿದೆ ಎಂದುಕೊಂಡರು. ನಾನು ಜೀವನದಲ್ಲಿ ಅಷ್ಟು ಗಂಭೀರವಾಗಿ ಯಾರಿಗೂ ಬುದ್ಧಿ ಹೇಳಿದ್ದಿಲ್ಲ.

ನಿಂಬೆಹಣ್ಣನ್ನು ನಾನೇನು ಕಡಿಮೆ ಮೂಸಿಲ್ಲ. ಬಸ್ಸು ಆಗದವರಿಗೆ ಊರೆಲ್ಲ ವೈದ್ಯರು. ಸೀಟಿನ ಮೇಲೆ ಪೇಪರು ಹಾಸಿಕೊಂಡು ಕೂರಬೇಕು ಎಂದರು ಒಬ್ಬರು. ಕೂತೆ. ಎದ್ದಾಗ ಸೀರೆಗೆ ಅಕ್ಷರ ಅಂಟಿತ್ತು, ಹೊಟ್ಟೆಗೆ ಏನೂ ಪ್ರಯೋಜನವಾಗಲಿಲ್ಲ. ಹಸಿಶುಂಠಿ, ಜೀರಿಗೆ, ಮಿಡಿ ಉಪ್ಪಿನಕಾಯಿಯ ಓಟೆ, ಒಣಗಿದ ಪುನರ್ಪುಳಿ ಸಿಪ್ಪೆ, ಎಲ್ಲವೂ ನನ್ನ ದವಡೆಯ ಕೆಳಗೆ ಕೂತು ಪ್ರಯಾಣ ಮಾಡಿವೆ. ಹೊಟ್ಟೆ ಖಾಲಿ ಇರಬೇಕು ಎನ್ನುವವರದು ಒಂದು ಪಕ್ಷವಾದರೆ, ಗಟ್ಟಿಯಾಗಿ ತಿಂದಿರಬೇಕು ಎನ್ನುವವರದು ಇನ್ನೊಂದು. ನಾನು ಎರಡೂ ಪಕ್ಷಗಳನ್ನು ಸೋಲಿಸಿದವಳು.

ನನ್ನ ತವರು ನರಸಿಂಹರಾಜಪುರ. ಚಿಕ್ಕವಳಿದ್ದಾಗ ಅಪ್ಪ ಶಿವಮೊಗ್ಗಕ್ಕೆ ಕರೆದುಕೊಂಡು ಹೋಗುತ್ತೇನೆ ಎಂದರೆ ಅಕ್ಕ ಹೊಸ ಲಂಗ ತೆಗೆದಿಡುತ್ತಿದ್ದಳು, ನಾನು ಹಳೆಯ ಲಂಗ ಹುಡುಕುತ್ತಿದ್ದೆ. ಬಸ್ಸಿನಲ್ಲಿ ನನಗೆ ಕಿಟಕಿಯ ಸೀಟು ಖಾಯಂ. ಅದು ಮುದ್ದಿನಿಂದ ಕೊಟ್ಟದ್ದಲ್ಲ. ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿದೊಡನೆ ಹಿಂದಿನ ಸೀಟುಗಳ ಕಿಟಕಿಗಳು ಟಪಟಪನೆ ಮುಚ್ಚಿಕೊಳ್ಳುತ್ತಿದ್ದವು. ಕಂಡಕ್ಟರ್ ಟಿಕೆಟ್ ಕೊಡುವ ಮೊದಲೇ ನನ್ನ ಮುಖ ನೋಡಿ, “ಈ ಕೂಸನ್ನ ಬಾಗ್ಲ ಹತ್ರ ಕೂರ್ಸಿ” ಎಂದು ಅಪ್ಪನಿಗೆ ಹೇಳುತ್ತಿದ್ದ. ಅಕ್ಕ ಮಾತ್ರ ದಾರಿಯುದ್ದಕ್ಕೂ ಕಡಲೆಕಾಯಿ ತಿನ್ನುತ್ತ, ನಡುನಡುವೆ ನನ್ನ ಬೆನ್ನು ನೀವುತ್ತ ಕೂತಿರುತ್ತಿದ್ದಳು. ಒಂದು ಕೈ ಪೊಟ್ಟಣದಲ್ಲಿ, ಇನ್ನೊಂದು ಕೈ ನನ್ನ ಬೆನ್ನ ಮೇಲೆ. ನನ್ನ ಬಾಲ್ಯದ ಪ್ರಯಾಣಗಳೆಂದರೆ ನನಗೆ ಈಗಲೂ ನೆನಪಾಗುವುದು ಆ ಕೈ.

ಗಂಡಿನ ಕಡೆಯವರು ನೋಡಲು ಬಂದಾಗ ಹುಡುಗಿಗೆ ಹಾಡು ಬರುತ್ತದೆ, ಹೊಲಿಗೆ ಬರುತ್ತದೆ ಎಂದೆಲ್ಲ ಹೇಳಿದ ನಮ್ಮವರು ಬಸ್ಸಿನಲ್ಲಿ ಏನು ಬರುತ್ತದೆ ಎಂದು ಹೇಳಲಿಲ್ಲ. ಮದುವೆಯಾಗಿ ದಿಬ್ಬಣದ ಬಸ್ಸಿನಲ್ಲಿ ಕೊಪ್ಪಕ್ಕೆ ಹೊರಟಾಗ ಅದು ತಾನಾಗಿಯೇ ತಿಳಿಯಿತು. ನಮ್ಮ ಯಜಮಾನರ ರೇಷ್ಮೆ ಶಲ್ಯ ಆ ದಿನವೇ ಕೆಲಸದಿಂದ ನಿವೃತ್ತವಾಯಿತು. ತಮಾಷೆಯೆಂದರೆ ಅವರದು ಔಷಧಿ ಅಂಗಡಿ. ಕೊಪ್ಪದ ಬಸ್‌ಸ್ಟ್ಯಾಂಡಿನ ಎದುರಿಗೇ ಇದ್ದುದರಿಂದ ಅಲ್ಲಿ ಹೆಚ್ಚು ಖರ್ಚಾಗುತ್ತಿದ್ದುದು ವಾಂತಿಯ ಮಾತ್ರೆಯೇ. ಊರಿಗೆಲ್ಲ ನಾಟುವ ಮಾತ್ರೆ ನನಗೆ ಮಾತ್ರ ನಾಟುತ್ತಿರಲಿಲ್ಲ. ನಿದ್ದೆ ಬರುತ್ತಿತ್ತು, ವಾಂತಿಯಾಗುವಾಗ ಎಚ್ಚರವಾಗುತ್ತಿತ್ತು. ಅಂಗಡಿಯ ಮರ್ಯಾದೆಯ ದೃಷ್ಟಿಯಿಂದ ಇದನ್ನು ಹೊರಗೆ ಹೇಳಬೇಡ ಎಂದು ಇವರು ನನಗೆ ತಾಕೀತು ಮಾಡಿದ್ದರು.

ಇಷ್ಟೆಲ್ಲ ನಗುತ್ತ ಹೇಳಬಹುದು. ನಗಲಾಗದ ಸಂಗತಿಯೂ ಒಂದಿತ್ತು. ನನ್ನ ಅಕ್ಕ ಸುಮಿತ್ರಳನ್ನು ಘಟ್ಟದ ಕೆಳಗೆ ಪಡುಬಿದ್ರಿಯ ಹತ್ತಿರ, ಕಡಲಿನ ಸದ್ದು ಕೇಳುವಂಥ ಊರಿಗೆ ಕೊಟ್ಟಿತ್ತು. ನಾನು ಅವಳ ಮನೆಯನ್ನು ನೋಡಿರಲೇ ಇಲ್ಲ. ಮೊದಲ ಸಲ ಹೊರಟಾಗ ಶೃಂಗೇರಿ ದಾಟುವಷ್ಟರಲ್ಲಿ ಕಣ್ಣು ಕತ್ತಲೆ ಬಂತು. ಕೆರೆಕಟ್ಟೆಯ ಅರಣ್ಯ ಗೇಟಿನ ಹತ್ತಿರ ಬಸ್ಸು ನಿಲ್ಲಿಸಿ, ಅಲ್ಲಿನ ಬೆಂಚಿನ ಮೇಲೆ ಮಲಗಿಸಿ, ತಲೆಗೆ ನೀರು ತಟ್ಟಿ, ಎದುರಿನಿಂದ ಬಂದ ಬಸ್ಸಿನಲ್ಲಿ ವಾಪಸು ತಂದರು. ಎರಡನೆಯ ಸಲ ಶೃಂಗೇರಿಯಿಂದಲೇ ಹಿಂದಿರುಗಿದೆ. ಆಮೇಲೆ ಮನೆಯಲ್ಲಿ ಎಲ್ಲರೂ ಸೇರಿ ತೀರ್ಮಾನ ಮಾಡಿಬಿಟ್ಟರು, ಅವಳಿಗೆ ಘಟ್ಟ ಆಗುವುದಿಲ್ಲ ಎಂದು. ಅಕ್ಕನೂ ಹೇಳಿದಳು, “ನೀನು ಜೀವ ತೇಯ್ಬೇಡ ಮಾರಾಯ್ತಿ, ನಾನೇ ಬರ್ತೇನೆ.” ಹಾಗೆಯೇ ವರ್ಷವರ್ಷವೂ ಬಂದಳು. ಅವಳ ಮನೆಯಲ್ಲಿ ಗೃಹಪ್ರವೇಶ, ಉಪನಯನ ಏನಾದರೂ ಆದರೆ ನಮ್ಮ ಮನೆಯಿಂದ ಹೋಗುತ್ತಿದ್ದುದು ಇವರೊಬ್ಬರೇ. ಉಡುಗೊರೆಯ ಸೀರೆ ಆರಿಸುವವಳು ನಾನು, ಕೊಡುವವರು ಇವರು. ಕೊನೆಕೊನೆಗೆ ಅಕ್ಕನ ಮೊಣಕಾಲು ಕೈಕೊಟ್ಟಿತು, ಅವಳು ಬರುವುದೂ ನಿಂತಿತು. ಎರಡು ತಾಲೂಕಿನಾಚೆ ಇರುವ ಒಡಹುಟ್ಟಿದವಳ ಮುಖ ನೋಡದೆ ಇರುವುದು ನನಗೆ ಹೊಟ್ಟೆಯ ಸಂಕಟಕ್ಕಿಂತ ದೊಡ್ಡ ಸಂಕಟವಾಗಿತ್ತು.

ಬಸ್ಸಿನಲ್ಲಿ ಕೂತು ಬೇರೇನೂ ನೋಡಲಾಗದವಳು ನಾನು, ಹಾಗಾಗಿ ಡ್ರೈವರನನ್ನು ನೋಡುತ್ತಿದ್ದೆ. ಹೀಗೆ ನೋಡಿ ನೋಡಿ ಒಂದು ದಿನ ನನಗೊಂದು ವಿಷಯ ಹೊಳೆಯಿತು. ಇಡೀ ಬಸ್ಸೇ ವಾಂತಿ ಮಾಡಿದರೂ ಡ್ರೈವರ್ ಮಾಡುವುದಿಲ್ಲ. ತಿರುವಿನಲ್ಲಿ ಅವನು ಹಾಡು ಗುನುಗುತ್ತಿರುತ್ತಾನೆ. ಡ್ರೈವರುಗಳಲ್ಲಿ ಒಬ್ಬನಿಗಾದರೂ ನನ್ನಂಥ ಹೊಟ್ಟೆ ಇರಬೇಡವೇ? ಅಂದಮೇಲೆ ಇದು ಹೊಟ್ಟೆಯ ಗುಣವಲ್ಲ, ಸೀಟಿನ ಗುಣ. ಈ ಸಿದ್ಧಾಂತವನ್ನು ಮನೆಯಲ್ಲಿ ಮಂಡಿಸಿದಾಗ ಅತ್ತೆ, “ಡ್ರೈವರಿಗೆ ವಾಂತಿ ಬಂದ್ರೆ ಬಸ್ಸು ಪ್ರಪಾತಕ್ಕೆ ಹೋಗ್ತದಲ್ಲೇ. ಅದಕ್ಕೇ ದೇವ್ರು ಅವ್ನಿಗೆ ತಡೆ ಹಾಕಿಟ್ಟಿದಾನೆ” ಎಂದರು. ಇವರು ಊಟದ ತಟ್ಟೆಯ ಮೇಲೆ ಬಗ್ಗಿ ಕೆಮ್ಮುವಷ್ಟು ನಕ್ಕರು.

ಇವರ ಹತ್ತಿರ ಹರಾಜಿನಲ್ಲಿ ಕೊಂಡ ಒಂದು ಜೀಪಿತ್ತು. ಅದನ್ನು ಬೇರೆ ಯಾರೂ ಮುಟ್ಟುವ ಹಾಗಿರಲಿಲ್ಲ. ನಕ್ಕವರು ಕಲಿಸಿಯೇ ತೀರಬೇಕು ಎಂದು ನಾನು ಹಟ ಹಿಡಿದೆ. ನನ್ನ ಹಟ ಎಂಥದ್ದೆಂದರೆ, ಮಾತು ಬಿಡುವುದಿಲ್ಲ, ಊಟ ಬಿಡುವುದಿಲ್ಲ, ಕೇಳಿದ್ದನ್ನೇ ದಿನಕ್ಕೊಮ್ಮೆ ಅದೇ ದನಿಯಲ್ಲಿ ಕೇಳುತ್ತೇನೆ. ಒಂದು ಮಳೆಗಾಲ ಕಳೆದು ಬೇಸಿಗೆ ಬರುವಷ್ಟರಲ್ಲಿ ಇವರು ಸೋತರು. ಬೇಸಿಗೆಯಲ್ಲಿ ನರಸಿಂಹರಾಜಪುರದಲ್ಲಿ ಭದ್ರೆಯ ಹಿನ್ನೀರು ಇಳಿದು, ಮೈಲಿಗಟ್ಟಲೆ ಬಯಲು ಮೇಲೆದ್ದು ಬರುತ್ತದೆ. ಅಲ್ಲಿ ಕಲಿಸುತ್ತೇನೆ ಎಂದರು. “ಅಲ್ಲಿ ಡಿಕ್ಕಿ ಹೊಡೀಲಿಕ್ಕೆ ಎಂತದೂ ಇಲ್ಲ” ಎಂಬುದು ಅವರ ಲೆಕ್ಕ. ನೀರಿನಲ್ಲಿ ಮುಳುಗಿದ್ದ ಹಳೆಯ ಮರದ ಬೊಡ್ಡೆಯೊಂದು ಅಷ್ಟು ದೊಡ್ಡ ಬಯಲಿನಲ್ಲಿ ಒಂಟಿಯಾಗಿ ನಿಂತಿತ್ತು. ನಾನು ಅದಕ್ಕೇ ಹೋಗಿ ಹೊಡೆದೆ. ಇವರು ಇಳಿದು ಬಂಪರನ್ನು ಬಹಳ ಹೊತ್ತು ಸವರಿದರು. ನಾನು ಮಾತ್ರ ಒಳಗೊಳಗೇ ಹಿಗ್ಗುತ್ತಿದ್ದೆ. ಬೆಳಗಿನಿಂದ ಅಷ್ಟು ಸುತ್ತು ಹೊಡೆದಿದ್ದೆ, ಬೊಡ್ಡೆಗೂ ಹೊಡೆದಿದ್ದೆ, ಹೊಟ್ಟೆ ತೆಪ್ಪಗಿತ್ತು.

ಲೈಸೆನ್ಸ್ ಕೊಡಲು ಕೊಪ್ಪಕ್ಕೆ ಬರುತ್ತಿದ್ದ ಇನ್‌ಸ್ಪೆಕ್ಟರು ಜೀಪಿನಿಂದ ಹೆಂಗಸೊಬ್ಬಳು ಇಳಿದದ್ದು ನೋಡಿ, “ಯಾಕಮ್ಮ, ಎಸ್ಟೇಟ್ ಇದೆಯಾ?” ಎಂದು ಕೇಳಿದರು. ಇಲ್ಲ ಎಂದೆ. “ಮತ್ಯಾಕೆ ಕಲಿತದ್ದು?” ವಾಂತಿ ಬರಬಾರದು ಅಂತ, ಎಂದೆ. ಅವರು ಪೆನ್ನನ್ನು ಕೈಯಲ್ಲೇ ಹಿಡಿದುಕೊಂಡು ಇವರ ಮುಖ ನೋಡಿದರು. ಇವರು ಆಕಾಶ ನೋಡಿದರು. ಲೈಸೆನ್ಸೇನೋ ಬಂತು.

ಆದರೆ ಕೊಪ್ಪದ ಪೇಟೆಯಲ್ಲಿ, ಜಯಪುರದ ದಾರಿಯಲ್ಲಿ ಜೀಪು ಬಿಡುವುದು ಬೇರೆ, ಘಟ್ಟ ಬೇರೆ. ಇವರು ನನ್ನ ಕೈಗೆ ಘಟ್ಟ ಕೊಡಲು ಒಪ್ಪಲಿಲ್ಲ. ಅಷ್ಟರಲ್ಲಿ ಅಕ್ಕನ ಮಗಳು ವೀಣಾಳ ಮದುವೆ ಗೊತ್ತಾಯಿತು. ಬೇಸಿಗೆ ರಜೆಗಳನ್ನೆಲ್ಲ ನಮ್ಮ ಮನೆಯಲ್ಲೇ ಕಳೆದ ಹುಡುಗಿ. ಅವಳಿಗೆ ಜಡೆ ಹೆಣೆಯಲು ಕಲಿಸಿದವಳು ನಾನು. ಕರೆಯಲು ಅವಳ ಅಪ್ಪನ ಜೊತೆ ತಾನೇ ಬಂದಿದ್ದಳು. ಹೊರಡುವಾಗ ನನ್ನ ಕೈ ಹಿಡಿದುಕೊಂಡು, “ಚಿಕ್ಕಮ್ಮ, ಈ ಸಲ ಸೀರೆ ಕಳಿಸ್ಬೇಡ. ನೀನೇ ಬಾ. ಧಾರೆ ಹೊತ್ತಿಗೆ ನೀನು ಕಾಣದಿದ್ರೆ ನಾನು ಮಣೆ ಮೇಲೆ ಕೂರೋದಿಲ್ಲ ನೋಡು” ಎಂದಳು. ನಗುತ್ತಲೇ ಹೇಳಿದಳು. ಕಣ್ಣಲ್ಲಿ ನೀರಿತ್ತು. ಆ ದಿನ ಸಂಜೆ ನಾನು ಇವರಿಗೆ ಹೇಳಿದೆ, ಮದುವೆಗೆ ನಾನು ಹೋಗುತ್ತೇನೆ, ಜೀಪು ನಾನೇ ಬಿಡುತ್ತೇನೆ.

ಇವರು ವ್ಯಾಪಾರಸ್ಥರು, ನೇರವಾಗಿ ಬೇಡ ಎನ್ನುವವರಲ್ಲ. “ಮದ್ವೆ ದಿನ ದಾರಿ ಮಧ್ಯ ನೀನು ಬಿದ್ರೆ ನಾನೆಂತ ಮಾಡ್ಲಿ? ಮೊದ್ಲು ಒಂದಿನ ನೋಡುವ” ಎಂದರು. ಹೀಗೆ ಒಂದು ಒಪ್ಪಂದವಾಯಿತು. ಶೃಂಗೇರಿಯಾಚೆ, ಕೆರೆಕಟ್ಟೆಯಿಂದ ಕರಾವಳಿಯ ಅಂಚಿನವರೆಗೆ ಹಬ್ಬಿದ ಕುದುರೆಮುಖದ ಕಾಡಿಗೆ ಆಗತಾನೇ ರಾಷ್ಟ್ರೀಯ ಉದ್ಯಾನ ಎಂಬ ಹೆಸರು ಬಂದಿತ್ತು. ಇಬ್ಬರೇ ಹೋಗುವುದು, ಆ ಉದ್ಯಾನ ನೋಡುವುದು, ಘಟ್ಟದ ಬುಡದವರೆಗೆ ನಾನು ಜೀಪು ಇಳಿಸುವುದು, ಅಲ್ಲಿಂದ ತಿರುಗಿಸಿಕೊಂಡು ಬರುವುದು. “ಒಂದೇ ಒಂದು ಸಲ ವಾಂತಿ ಮಾಡಿದ್ರೂ ಮದ್ವೆ ಮಾತು ಅಲ್ಲಿಗೆ ಮುಗೀತು” ಎಂದರು ಇವರು. ಮುಗಿಯಲಿ, ಎಂದೆ.

ಮಾಗಿಯ ಒಂದು ಬೆಳಿಗ್ಗೆ, ಇನ್ನೂ ಮಂಜು ಬಿಟ್ಟಿರದ ಹೊತ್ತಿಗೆ ಹೊರಟೆವು. ಉದ್ಯಾನಕ್ಕೆ ಹೋಗುತ್ತಿದ್ದೇವೆ ಎಂದು ಕೇಳಿದ್ದ ಅತ್ತೆ ಹಿಂದಿನ ಸೀಟಿನಲ್ಲಿ ಒದ್ದೆ ಗೋಣಿಚೀಲವೊಂದನ್ನು ಮಡಿಸಿಟ್ಟಿದ್ದರು. “ಗೌರ್ಮೆಂಟಿನ ತೋಟ ಅಂದ್ಮೇಲೆ ಒಳ್ಳೊಳ್ಳೆ ಗುಲಾಬಿ ಇರ್ತಾವೆ. ಯಾರೂ ನೋಡದಿದ್ದಾಗ ಒಂದೆರಡು ಗೆಲ್ಲು ಮುರ್ಕೊಂಡು ಬಾ” ಎಂದು ನನ್ನ ಕಿವಿಯಲ್ಲಿ ಹೇಳಿದರು. ನಮ್ಮ ಕಡೆಯ ಹೆಂಗಸರು ಎಲ್ಲಿಗೆ ಹೋದರೂ ಬರಿಗೈಯಲ್ಲಿ ಬರುವುದಿಲ್ಲ. ಮದುವೆಮನೆಯಿಂದ ಡೇರೆ ಹೂವಿನ ಗೆಡ್ಡೆ, ಆಸ್ಪತ್ರೆಯ ಅಂಗಳದಿಂದ ದಾಸವಾಳದ ಗೆಲ್ಲು. ನಮ್ಮತ್ತೆಯಂತೂ ಸಾವಿನ ಮನೆಗೆ ಹೋದಾಗಲೂ ಗೋರಂಟೆಯ ಬೀಜ ಸೆರಗಿಗೆ ಕಟ್ಟಿಕೊಂಡು ಬಂದವರು. ಅಲ್ಲಿರುವುದು ಹೂದೋಟವಲ್ಲ, ಘೋರ ಕಾಡು ಎಂದು ಇವರು ಹೇಳಿದ್ದನ್ನು ಅವರು ನಂಬಲಿಲ್ಲ. ಕಾಡಿಗೆ ಯಾರಾದರೂ ಉದ್ಯಾನ ಎಂದು ಹೆಸರಿಡುತ್ತಾರೆಯೇ ಎಂಬುದು ಅವರ ಪ್ರಶ್ನೆ.

ಇವರು ನನ್ನ ಎಡಕ್ಕೆ ಕೂತರು. ಕುತ್ತಿಗೆಯಲ್ಲಿ, ಸ್ನೇಹಿತರಿಂದ ಎರವಲು ತಂದ ದುರ್ಬೀನು. ಹರಿಹರಪುರದವರೆಗೆ “ಕ್ಲಚ್ಚು”, “ಹಾರ್ನು”, “ದನ” ಎಂದು ಒಂದೊಂದೇ ಪದದ ಸಲಹೆ ಕೊಡುತ್ತಿದ್ದರು. ಶೃಂಗೇರಿಯಲ್ಲಿ ಯಾತ್ರಿಕರ ಗುಂಪು, ಬಸ್ಸುಗಳು, ರಸ್ತೆಯ ನಡುವೆಯೇ ನಿಂತು ಶಾಲು ಸರಿಮಾಡಿಕೊಳ್ಳುವವರು. ಎಲ್ಲರನ್ನೂ ತಪ್ಪಿಸಿಕೊಂಡು ಜೀಪನ್ನು ಹೋಟೆಲೊಂದರ ಎದುರು ನಿಲ್ಲಿಸಿದೆ. ದಾರಿಯಲ್ಲಿ ಏನನ್ನೂ ಬಾಯಿಗೆ ಹಾಕದೆ ಜನ್ಮ ಕಳೆದವಳು ನಾನು. ಆ ದಿನ ಮಸಾಲೆ ದೋಸೆ ತರಿಸಿ ಪೂರ್ತಿ ತಿಂದೆ. ಚಟ್ನಿ ಮತ್ತೊಮ್ಮೆ ಹಾಕಿಸಿಕೊಂಡೆ. ಇವರು ನನ್ನನ್ನು ಗಾಬರಿಯಿಂದ ನೋಡುತ್ತ, ತಾವೂ ಎರಡು ದೋಸೆ, ಮೇಲೊಂದು ತಟ್ಟೆ ಬಜ್ಜಿ ತಿಂದರು. “ನೀನು ಸೋಲ್ಲಿಕ್ಕೇ ತಯಾರಾದ ಹಾಗೆ ಕಾಣ್ತದೆ” ಎಂದರು. ನಾನು ಕಾಫಿ ಹೇಳಿದೆ.

ಕೆರೆಕಟ್ಟೆಯ ಗೇಟಿನಲ್ಲಿ ಅದೇ ಬೆಂಚು ಅಲ್ಲೇ ಇತ್ತು. ಒಂದು ಕಾಲದಲ್ಲಿ ನನ್ನನ್ನು ಒಗೆದ ಬಟ್ಟೆಯ ಹಾಗೆ ಅದರ ಮೇಲೆ ಹಾಸಿದ್ದರು. ಗಾರ್ಡು ಬಂದು ಒಳಗೆ ಬಗ್ಗಿ ನೋಡಿ, ನನ್ನನ್ನು ಬಿಟ್ಟು ಇವರನ್ನು ಮಾತಾಡಿಸಿದ. “ಎಂತ ಸಾರ್, ಮೈ ಹುಷಾರಿಲ್ವಾ ನಿಮ್ಗೆ?” ಗಂಡಸು ಎಡಕ್ಕೆ ಕೂತಿದ್ದಾನೆಂದರೆ ಕಾಯಿಲೆಯವನೇ ಇರಬೇಕು ಎಂಬುದು ಅವನ ನಂಬಿಕೆ. ಇವರು, ನಾನು ಹುಷಾರಾಗಿಯೇ ಇದ್ದೇನೆ ಎಂದು ಸ್ವಲ್ಪ ಜೋರಾಗಿಯೇ ಹೇಳಿದರು. ಅವನ ಕಣ್ಣು ಗೋಣಿಚೀಲದ ಮೇಲೆ ಬಿತ್ತು. ಗುಲಾಬಿ ಗೆಲ್ಲಿಗೆ ಎಂದು ನಾನು ನಿಜ ಹೇಳಿಬಿಟ್ಟೆ. ಅವನು ಗೇಟು ಎತ್ತುತ್ತ, “ಗುಲಾಬಿ ಇಲ್ಲಮ್ಮ, ಕಾಟಿ ಇದಾವೆ, ಕಾಡುಕೋಣ. ಚೀಲಕ್ಕೆ ಹಿಡಿದ್ರೆ ತಗೊಂಡ್ಹೋಗಿ” ಎಂದ.

ಆ ಕಾಡು ಹೇಗಿತ್ತು ಎಂದು ಯಾರಾದರೂ ಕೇಳಿದರೆ ನಾನು ಹೇಳುವುದು ಇಷ್ಟೇ: ರಸ್ತೆ ಚೆನ್ನಾಗಿತ್ತು. ಹಿಂದೆ ಗೇಟಿನವರೆಗೆ ಬಂದಾಗ ಕಣ್ಣು ಮುಚ್ಚಿಕೊಂಡಿದ್ದೆ, ಈ ಸಲ ಕಣ್ಣು ರಸ್ತೆಯಿಂದ ಕದಲಲಿಲ್ಲ. ಉದ್ಯಾನ ನೋಡಿದವರು ಇವರು, ನಾನು ಕೇಳಿದವಳು. ದುರ್ಬೀನನ್ನು ಕಣ್ಣಿಗೆ ಒತ್ತಿಕೊಂಡು, “ಅಗೋ ಸಿಂಗಳೀಕ! ಎಂಥಾ ಕೇಸರ ಮಾರಾಯ್ತಿ, ನೋಡು ನೋಡು” ಎನ್ನುತ್ತಿದ್ದರು. ನೋಡಿದರೆ ಇಬ್ಬರೂ ಸಿಂಗಳೀಕದ ಹತ್ತಿರವೇ ಹೋಗಿ ಬೀಳುತ್ತೇವೆ ಎನ್ನುತ್ತಿದ್ದೆ. ಮಂಗಟ್ಟೆ ಹಕ್ಕಿ ರೆಕ್ಕೆ ಬಡಿದ ಸದ್ದು ಮಾತ್ರ ಕೇಳಿದೆ. ಜೀಪಿಗಿಂತ ಅದರ ಸದ್ದೇ ದೊಡ್ಡದು. ತಿರುವು ಬಂದಾಗಲೆಲ್ಲ ಹಳೆಯ ಅಭ್ಯಾಸದಿಂದ ಹೊಟ್ಟೆ ಒಮ್ಮೆ ಬಿಗಿಯುತ್ತಿತ್ತು. ಕೈ ತಾನಾಗಿ ಸ್ಟೇರಿಂಗ್ ತಿರುಗಿಸುತ್ತಿತ್ತು, ತಿರುವು ಮುಗಿಯುತ್ತಿತ್ತು, ಹೊಟ್ಟೆ ಸಡಿಲವಾಗುತ್ತಿತ್ತು. ತಿರುವು ಎಲ್ಲಿ ಬರುತ್ತದೆ ಎಂದು ಹೊಟ್ಟೆಗೆ ಮೊದಲೇ ತಿಳಿಸಿಬಿಟ್ಟರೆ ಅದಕ್ಕೇನೂ ತಕರಾರಿಲ್ಲ ಎಂದು ನನಗೆ ಆಗ ಅರ್ಥವಾಯಿತು.

ದಕ್ಷಿಣ ಕನ್ನಡದ ಗಡಿಯಾದ ಎಸ್.ಕೆ. ಬಾರ್ಡರಿನಲ್ಲಿ ರಸ್ತೆ ಕವಲೊಡೆಯುತ್ತದೆ. ಬಲಕ್ಕೆ ಘಟ್ಟ ಇಳಿಯುವ ದಾರಿ. ಮೊದಲು ಎಡಕ್ಕೆ ಹೋಗಿ ಕದಂಬಿ ಅಬ್ಬಿ ನೋಡಿ ಬರುವ ಎಂದರು ಇವರು. ಅಬ್ಬಿಯ ಎದುರು ಜೀಪು ನಿಲ್ಲಿಸಿ ಇಳಿದೆ. ನೀರು ರಸ್ತೆಯ ಅಂಚಿಗೇ ಬೀಳುತ್ತಿತ್ತು. ಆಚೆ ಬೋಳುಗುಡ್ಡಗಳ ಮೇಲೆ ಬಿಸಿಲು ಬಿದ್ದಿತ್ತು, ಗುಡ್ಡದ ಮಡಿಕೆಗಳಲ್ಲಿ ಮಾತ್ರ ಕಾಡು ಕಪ್ಪಗೆ ತುಂಬಿಕೊಂಡಿತ್ತು. ನಾನು ಹುಟ್ಟಿ ಬೆಳೆದ ಸೀಮೆಯ ಈ ಪಕ್ಕದಲ್ಲೇ ಇಂಥದೊಂದು ಇತ್ತು, ಯಾರ‍್ಯಾರೋ ಎಲ್ಲಿಂದಲೋ ಬಂದು ನೋಡಿ ಹೋಗುತ್ತಿದ್ದರು, ನಾನು ಇಲ್ಲೇ ಇದ್ದು ನೋಡಿರಲಿಲ್ಲ. ನನಗೆ ಸಂತೋಷಕ್ಕಿಂತ ಸಿಟ್ಟು ಬಂತು. ಆಗುವುದಿಲ್ಲ ಎಂದು ಹೇಳಿದವರ ಮೇಲೆ, ಅದನ್ನು ನಂಬಿಕೊಂಡು ಕೂತ ನನ್ನ ಮೇಲೂ. ಇವರು ಏನಾಯಿತು ಎಂದು ಕೇಳಿದರು. ಘಟ್ಟ ಇಳಿಯುವ ಬನ್ನಿ, ಎಂದೆ.

ಮಾಳದ ಕಡೆಗೆ ಇಳಿಯುವ ಆ ಘಟ್ಟದಲ್ಲಿ ಒಂದು ಕಡೆ ಗುಡ್ಡ ಕಡಿದ ಗೋಡೆಯಂಥ ಧರೆ, ಇನ್ನೊಂದು ಕಡೆ ಮರಗಳ ನೆತ್ತಿ. ಎರಡನೆಯ ಗೇರಿನಲ್ಲಿ ಇಳಿಸುತ್ತಿದ್ದೆ. ಇವರು ಈಗ ಸ್ವಲ್ಪ ಹೊತ್ತಿನಿಂದ ಸಿಂಗಳೀಕದ ಸುದ್ದಿ ಹೇಳುತ್ತಿರಲಿಲ್ಲ. ದುರ್ಬೀನು ತೊಡೆಯ ಮೇಲಿತ್ತು. ಒಂದು ಕಡಿದಾದ ತಿರುವಿನಲ್ಲಿ ಹಾರ್ನು ಹೊಡೆದುಕೊಂಡು ತಿರುಗಿದರೆ, ಎದುರಿಗೇ ಹೆಂಚು ತುಂಬಿದ ಲಾರಿ. ಘಟ್ಟದಲ್ಲಿ ಹತ್ತುವವರಿಗೆ ದಾರಿ, ಇಳಿಯುವವರು ಹಿಂದಕ್ಕೆ ಹೋಗಬೇಕು. ಲಾರಿಯ ಡ್ರೈವರ್ ತಲೆ ಹೊರಗೆ ಹಾಕಿ, ಹೆಂಗಸನ್ನು ನೋಡಿ, “ಸಾರ್, ನೀವು ಸ್ವಲ್ಪ ತಗೊಳ್ಳಿ” ಎಂದು ಇವರಿಗೆ ಕೂಗಿದ. ಇವರ ಕೈ ಹ್ಯಾಂಡ್‌ಬ್ರೇಕಿನ ಕಡೆ ಬಂತು. ಆ ಕೈಯನ್ನು ನಾನು ಎತ್ತಿ ಅವರ ತೊಡೆಯ ಮೇಲೇ ಇಟ್ಟೆ. “ನೀವು ಹಿಂದೆ ನೋಡಿ ಹೇಳಿ. ನಾನು ತಗೊಳ್ತೇನೆ.”

ಏರಿನಲ್ಲಿ ಹಿಂದಕ್ಕೆ ಹೋಗುವುದನ್ನು ಹಿನ್ನೀರಿನ ಬಯಲಿನಲ್ಲಿ ಯಾರೂ ಕಲಿಸಿರಲಿಲ್ಲ. ಇವರು ಸೀಟಿನ ಮೇಲೆ ಪೂರ್ತಿ ಹಿಂದಕ್ಕೆ ತಿರುಗಿ, “ಬರ್ಲಿ, ಬರ್ಲಿ, ಇನ್ನೂ ಬರ್ಲಿ, ಬಲಕ್ಕೆ, ಬರ್ಲಿ” ಎನ್ನುತ್ತಿದ್ದರು. ನನ್ನ ಅಂಗೈ ಬೆವರಿ ಸ್ಟೇರಿಂಗ್ ಜಾರುತ್ತಿತ್ತು. ಇಂಜಿನ್ನು ಅರಚುತ್ತಿತ್ತು. ಜೀಪು ಅಂಗುಲ ಅಂಗುಲವಾಗಿ ಮೇಲೇರಿ, ರಸ್ತೆ ಅಗಲವಾದಲ್ಲಿ ಧರೆಗೆ ಒತ್ತಿಕೊಂಡು ನಿಂತಿತು. ಲಾರಿಯವನು ದಾಟಿ ಹೋಗುವಾಗ ಹಣೆಗೆ ಕೈ ಹಚ್ಚಿ ಒಂದು ಸಲಾಮು ಹೊಡೆದ. ನೋಡಿದಿರಾ ಎಂದು ಹೆಮ್ಮೆಯಿಂದ ಇವರ ಕಡೆ ತಿರುಗಿದೆ. ಇವರು ಸೀಟಿನಲ್ಲಿರಲಿಲ್ಲ. ರಸ್ತೆಯ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಎರಡು ದೋಸೆ ಮತ್ತು ಒಂದು ತಟ್ಟೆ ಬಜ್ಜಿಯನ್ನು ರಾಷ್ಟ್ರೀಯ ಉದ್ಯಾನಕ್ಕೆ ಒಪ್ಪಿಸುತ್ತಿದ್ದರು.

ನನಗೆ ನಗು ಬಂದದ್ದು ನಿಜ. ಆದರೆ ಇಳಿದು ಹೋಗಿ ಅವರ ಬೆನ್ನು ನೀವುವಾಗ ನಗು ಹೋಯಿತು. ಇಪ್ಪತ್ತು ವರ್ಷ ಘಟ್ಟವನ್ನು ಶಿಳ್ಳೆ ಹಾಕುತ್ತ ಇಳಿದ ಮನುಷ್ಯ. ಘಟ್ಟದಲ್ಲಿ ಸ್ಟೇರಿಂಗ್ ಬಿಟ್ಟು ಬೇರೆ ಕಡೆ ಕೂತೇ ಇರಲಿಲ್ಲ, ಹಾಗಾಗಿ ತಮ್ಮ ಹೊಟ್ಟೆಯೂ ನನ್ನ ಹೊಟ್ಟೆಯ ಜಾತಿಯದೇ ಎಂದು ಅವರಿಗೆ ಗೊತ್ತೇ ಇರಲಿಲ್ಲ. ನೀರು ಕುಡಿದು, ಮುಖ ತೊಳೆದು, ಅವರು ಜೀಪಿನ ಬಾನೆಟ್ಟಿಗೆ ಒರಗಿ ನಿಂತರು. ಕೆಳಗೆ ಇನ್ನೂ ಅರ್ಧ ಘಟ್ಟ ಬಾಕಿ ಇತ್ತು. ಇಬ್ಬರೂ ಅದನ್ನೇ ನೋಡಿದೆವು. ಇಬ್ಬರ ತಲೆಯಲ್ಲೂ ಇದ್ದುದು ಒಂದೇ ಮಾತು. ಜೀಪಿಗೆ ಸ್ಟೇರಿಂಗ್ ಇರುವುದು ಒಂದೇ. ಅವರು ಹಿಡಿದರೆ ನಾನು ಸೋತೆ, ಮದುವೆ ಹೋಯಿತು. ನಾನು ಹಿಡಿದರೆ ಅವರಿಗೆ ಈ ಪಾಡು.

“ನೀವು ಬಿಡ್ತೀರಾ?” ಎಂದು ಕೇಳಿದೆ. ಕೇಳಲು ಎಷ್ಟು ಕಷ್ಟವಾಯಿತು ಎಂದು ಹೇಳಲಾರೆ. ಬಿಡುತ್ತೇನೆ ಎಂದಿದ್ದರೆ ಬೀಗದ ಕೈ ಕೊಟ್ಟುಬಿಡುತ್ತಿದ್ದೆ.

ಅವರು ಜೀಪಿನ ಬಲಗಡೆಗೆ ಬಂದರು. ಬಾಗಿಲಿನ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತರು. ಆಮೇಲೆ ಮುಂದಿನಿಂದ ಸುತ್ತು ಹಾಕಿಕೊಂಡು ಹೋಗಿ ಎಡಗಡೆಯ ಸೀಟಿನಲ್ಲಿ ಕೂತರು. ದುರ್ಬೀನನ್ನು ತೆಗೆದು ಅತ್ತೆಯ ಗೋಣಿಚೀಲದಲ್ಲಿ ಹಾಕಿದರು.

“ಹೊರಡು ಮಾರಾಯ್ತಿ. ತಿರುವು ಬರುವ ಮೊದ್ಲು ಒಂದು ಮಾತು ಹೇಳು. ಅಷ್ಟು ಸಾಕು” ಎಂದರು.

ನನ್ನ ಗಂಡ ನನಗೆ ಒಡವೆ ಮಾಡಿಸಿದ್ದಾರೆ, ಸೀರೆ ತಂದಿದ್ದಾರೆ. ಆ ದಿನ ಎಡಗಡೆ ಹೋಗಿ ಕೂತದ್ದಕ್ಕೆ ಅವು ಯಾವುವೂ ಸಮವಲ್ಲ. “ಎಡಕ್ಕೆ ಬಂತು”, “ಈಗ ಬಲಕ್ಕೆ” ಎನ್ನುತ್ತ ನಾನು ಘಟ್ಟ ಇಳಿಸಿದೆ. ಅವರು ಕಣ್ಣು ಮುಚ್ಚಿಕೊಂಡು, ನಾನು ಹೇಳಿದ ಕಡೆಗೆ ಮೈ ವಾಲಿಸುತ್ತ ಕೂತಿದ್ದರು. ಮತ್ತೊಮ್ಮೆ ನಿಲ್ಲಿಸಬೇಕಾಯಿತು. ಆಗಲೂ ಅವರು ಸ್ಟೇರಿಂಗಿನ ಮಾತೆತ್ತಲಿಲ್ಲ.

ಘಟ್ಟದ ಬುಡದಲ್ಲಿ, ಬಜಗೋಳಿಯ ಹತ್ತಿರದ ಚಾದಂಗಡಿಯಲ್ಲಿ ಅವರು ಒಂದು ಸೋಡಾ ಕುಡಿದರು. ಸೆಕೆ ಶುರುವಾಗಿತ್ತು. ಒಪ್ಪಂದದ ಪ್ರಕಾರ ನಾವು ತಿರುಗಬೇಕಾದ ಜಾಗ ಅದು. ಜೀಪು ತಿರುಗಿಸುವಷ್ಟು ಅಂಗಳವೂ ಇತ್ತು. ನಾನು ಸ್ಟಾರ್ಟ್ ಮಾಡಿ ಕೇಳಿದೆ, “ಅಕ್ಕನ ಮನೆ ಇಲ್ಲಿಂದ ಎಷ್ಟು ದೂರ?”

“ಒಪ್ಪಂದ ಇಲ್ಲಿವರೆಗೆ ಮಾತ್ರ” ಎಂದರು.

“ದಾರಿಯಲ್ಲಿ ವಾಂತಿ ಮಾಡಿದವರು ಒಪ್ಪಂದದ ಮಾತಾಡಬಾರದು.”

ಅವರು ಸೋಡಾ ಬಾಟಲಿಯನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. ಬೆಳಗಿನಿಂದ ಮೊದಲ ಸಲ ಅವರ ಮುಖದಲ್ಲಿ ನಗು ಕಂಡಿತು. “ಕಾರ್ಕಳ ದಾಟಿದ್ಮೇಲೆ ಪಡುಬಿದ್ರಿ ಅಂತ ಬೋರ್ಡು ಕಾಣ್ತದೆ. ಅಲ್ಲಿ ತಿರುಗ್ಸು” ಎಂದರು.

ಬಯಲುಸೀಮೆಯವರಿಗೆ ಅದು ತಿರುವಿನ ರಸ್ತೆಯೇ ಇರಬಹುದು. ಘಟ್ಟ ಇಳಿದು ಬಂದ ನಮಗೆ ನೇರವಾಗಿಯೇ ಕಂಡಿತು. ಗಾಳಿಯಲ್ಲಿ ಉಪ್ಪಿನ ವಾಸನೆ ಬರತೊಡಗಿದಾಗ ಇವರು ಚೇತರಿಸಿಕೊಂಡು, ಇಲ್ಲಿ ಬಲಕ್ಕೆ, ಆ ಹುಣಸೆಮರದ ಹತ್ತಿರ ಒಳಕ್ಕೆ ಎಂದು ದಾರಿ ತೋರಿಸಿದರು. ಇಷ್ಟು ವರ್ಷ ಅವರು ನನ್ನ ಸೀರೆಗಳನ್ನು ಹೊತ್ತು ತಂದ ದಾರಿ ಅದು. ಒಂದೊಂದು ತೆಂಗಿನ ಮರವನ್ನೂ ನಾನು ಬಾಯಾರಿದವಳ ಹಾಗೆ ನೋಡುತ್ತಿದ್ದೆ. ಓಣಿಯ ಕೊನೆಯಲ್ಲಿ ಹೆಂಚಿನ ಮನೆಯೊಂದರ ಅಂಗಳದಲ್ಲಿ ಜೀಪು ನಿಲ್ಲಿಸಿದೆ. ಊಟದ ಹೊತ್ತು ಹತ್ತಿರವಾಗಿತ್ತು. ಒಳಗಿನಿಂದ ಒಗ್ಗರಣೆಯ ವಾಸನೆ ಬರುತ್ತಿತ್ತು.

ಇಂಜಿನ್ನಿನ ಸದ್ದು ಕೇಳಿ ಅಕ್ಕ ಕೋಲೂರಿಕೊಂಡು ಜಗಲಿಗೆ ಬಂದಳು. ಎಷ್ಟು ಹಣ್ಣಾಗಿದ್ದಳು! ಎಡಗಡೆಯಿಂದ ಇಳಿದ ಇವರನ್ನು ಕಂಡು ಮುಖ ಅರಳಿಸಿದಳು. ನನ್ನ ಕಡೆ ಅವಳು ನೋಡಲೇ ಇಲ್ಲ. ಜೀಪಿನ ಡ್ರೈವರನನ್ನು ಯಾರು ನೋಡುತ್ತಾರೆ?

“ಬನ್ನಿ ಭಾವ, ಬನ್ನಿ. ಒಬ್ಬರೇ ಬಂದದ್ದಾ?” ಎಂದಳು. ಉತ್ತರಕ್ಕೂ ಕಾಯದೆ ತಾನೇ ಮುಂದುವರಿಸಿದಳು. “ಅವ್ಳಿಗೆ ಎಲ್ಲಿ ಆಗ್ತದೆ, ಪಾಪ. ಹೇಗಿದ್ದಾಳೆ?”

ಎಷ್ಟೋ ವರ್ಷಗಳಿಂದ ಇದೇ ಅಂಗಳದಲ್ಲಿ, ಇದೇ ಮಾತನ್ನು ಅವಳು ಪ್ರತಿ ಸಲವೂ ಕೇಳಿರಬೇಕು. ನಾನು ಇಂಜಿನ್ನು ಆರಿಸಿದೆ. ಇವರು ಪಕ್ಕಕ್ಕೆ ಸರಿದು ನಿಂತರು.

ಅಕ್ಕ ಜೀಪಿನೊಳಗೆ ನೋಡಿದಳು. ನೋಡುತ್ತಲೇ ನಿಂತಳು. ಕೋಲನ್ನು ಕಂಬಕ್ಕೆ ಒರಗಿಸಿ, ನೋಯುವ ಕಾಲನ್ನು ಎಳೆದುಕೊಂಡು ಮೆಟ್ಟಿಲಿಳಿದು ಬಂದಳು. ನನ್ನ ಬಾಗಿಲು ತೆಗೆದು ಮೊದಲು ಮುಖ ಮುಟ್ಟಿದಳು, ಆಮೇಲೆ ಆ ಕೈ ಬೆನ್ನಿಗೆ ಹೋಯಿತು, ನೀವತೊಡಗಿತು.

“ವಾಂತಿ ಆಯ್ತನೇ?” ಎಂದಳು.

ಇಲ್ಲ ಅಕ್ಕ, ಎಂದೆ. ಅಳು ಬಂತು. ಅವಳೂ ಅಳುತ್ತಿದ್ದಳು. ಅಳುತ್ತಲೇ ಮನೆಯ ಕಡೆ ತಿರುಗಿ, ಓಣಿಯವರಿಗೆಲ್ಲ ಕೇಳುವ ಹಾಗೆ ಕೂಗಿದಳು.

“ವೀಣಾ, ಇನ್ನೂ ಒಂದು ಪಾವು ಅಕ್ಕಿ ಹಾಕೇ! ನನ್ನ ತಂಗಿ ಬಂದಿದ್ದಾಳೆ!”

ಆ ಮನೆಯ ಒಲೆಯ ಮೇಲೆ ನನ್ನ ಪಾಲಿನ ಅಕ್ಕಿ ಬೆಂದದ್ದು ಅದೇ ಮೊದಲು.